ಎರಡು ಕಣ್ಣಿಗೆ ಎರಡು ಕಿತ್ತಳೆ

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಒಂದು ಗೋಣಿಚೀಲದ ಜೊತೆ. ಅವರ ಅಣ್ಣನ ಮಗ ಇತ್ತಲಾರಿನಿಂದ ಬಸ್ಸಿನಲ್ಲಿ ಅದನ್ನು ತಂದು, ಊಟಿ ಮಾರ್ಕೆಟ್ಟಿನ ನಮ್ಮ ಅಂಗಡಿಯ ಕಟ್ಟೆಯ ಮೇಲಿಟ್ಟ. "ಚಿಕ್ಕಪ್ಪಂದು. ಬಿಸಾಕೋಕೆ ಮನಸ್ಸು ಬರ್ಲಿಲ್ಲ. ನಿಮ್ಗೇನಾದ್ರೂ ಆಗುತ್ತಾ ನೋಡಿ" ಎಂದ. "ಯಾಕೆ, ಅವರಿಗೆ ಬೇಡವಂತಾ?" ಎಂದು ಕೇಳಿದೆ. ಅವನು ನನ್ನ ಮುಖವನ್ನೇ ನೋಡಿದ. ಮಳೆಗಾಲಕ್ಕೆ ಮೊದಲೇ ಹೋಗಿದ್ದರಂತೆ. ಬೇರೆ ಯಾರೋ ನನಗೆ ತಿಳಿಸಿರುತ್ತಾರೆ ಎಂದು ಮನೆಯ ಪ್ರತಿಯೊಬ್ಬರೂ ಅಂದುಕೊಂಡಿದ್ದರಂತೆ.

ಚೀಲದಲ್ಲಿದ್ದದ್ದು ಬಣ್ಣದ ಸಣ್ಣ ಸಣ್ಣ ಡಬ್ಬಗಳು. ಹೆಚ್ಚಿನವು ಒಣಗಿ ಕಲ್ಲಾಗಿದ್ದವು. ಒಂದೊಂದು ಮುಚ್ಚಳದ ಮೇಲೂ ಒಳಗಿನ ಬಣ್ಣದ ಒಂದು ಬೊಟ್ಟು, ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗೀಚಿದ ಒಂದು ಇಂಟು ಗುರುತು. ಎಲ್ಲವೂ ಕಿತ್ತಳೆ, ಎಲ್ಲವೂ ತಪ್ಪು. ಒಂದೇ ಒಂದರ ಮೇಲೆ ಪ್ರಶ್ನೆಚಿಹ್ನೆ ಇತ್ತು. ಅದರ ಬೊಟ್ಟು ಮಾಸಿ ಮುದುಕರ ಹಲ್ಲಿನ ಬಣ್ಣಕ್ಕೆ ತಿರುಗಿತ್ತು.

ಅವರ ಹೆಸರು ಬರೆಯುವುದಿಲ್ಲ. ಇತ್ತಲಾರಿನ ಹಟ್ಟಿಯಲ್ಲಿ "ಏರ್‌ಫೋರ್ಸ್ ಮಾಮ" ಎಂದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ನಾನೂ ಮಾಮ ಎಂದೇ ಕರೆಯುತ್ತಿದ್ದೆ. ಅವರು ಈ ನೀಲಗಿರಿಯ ಬಡಗರು, ನಾವು ನಂಜನಗೂಡು ಕಡೆಯಿಂದ ಬಂದು ಊಟಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಅವರು ನೌಕರಿಯ ಬಹುಭಾಗ ಬೆಂಗಳೂರಿನ ಕಡೆ ಕಳೆದದ್ದರಿಂದ ನಮ್ಮ ಜೊತೆ ಕನ್ನಡದಲ್ಲೇ ಮಾತು. ನಡುನಡುವೆ ಬಡಗ, ತಮಿಳು ನುಸುಳಿ ಬರುತ್ತಿದ್ದವು. ಕೋಪ ಬಂದಾಗ ಮಾತ್ರ ಇಂಗ್ಲಿಷ್.

ಇಲ್ಲಿ ಬರೆಯುತ್ತಿರುವುದೆಲ್ಲ ಹೀಗೇ ನಡೆಯಿತು ಎಂದು ನಾನು ಆಣೆ ಮಾಡಲಾರೆ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ಸಂಶೋಧನೆ ಎಂದು ಶುರುಮಾಡಿ, ಅರ್ಧಕ್ಕೆ ಬಿಟ್ಟು ಬಂದವನು ನಾನು. ಅಳತೆ ಮಾಡಿದ್ದನ್ನೇ ಎರಡನೆಯ ಸಲ ಅಳೆಯದೆ ನಂಬಬಾರದೆಂದು ಕಲಿತವನಿಗೆ, ಅಳತೆಯೇ ಇಲ್ಲದ ನೆನಪನ್ನು ಹೇಗೆ ನಂಬುವುದೆಂದು ಯಾರೂ ಕಲಿಸಲಿಲ್ಲ. ಅಪ್ಪನ ಅಂಗಡಿಯಲ್ಲಿ ಮೊಳೆ ತೂಗುತ್ತ, ಇದನ್ನೂ ಬಿಟ್ಟು ಎಲ್ಲಿಗೆ ಹೋಗಲಿ ಎಂದು ಚಡಪಡಿಸುತ್ತಿದ್ದ ದಿನಗಳಲ್ಲಿ ಮಾಮ ನಮ್ಮ ಅಂಗಡಿಗೆ ಬಂದರು. ತೊಂಬತ್ತರ ದಶಕದ ನಡುಭಾಗ ಇರಬೇಕು.

ಅವರು ಕೇಳಿದ್ದು ಕಿತ್ತಳೆ ಬಣ್ಣ. ಅಪ್ಪ ಶೇಡ್ ಕಾರ್ಡ್ ಕೊಟ್ಟರು. ಮಾಮ ಅದನ್ನು ಅಂಗಡಿಯಿಂದ ಹೊರಗೆ ಒಯ್ದು, ಬೀದಿಯ ನಡುವೆ ನಿಂತು, ತೋಳು ಪೂರ್ತಿ ಚಾಚಿ ಹಿಡಿದು ನೋಡಿದರು. ಹಿಂದೆ ನಿಂತಿದ್ದ ಕ್ಯಾರೆಟ್ ಲಾರಿಯವನು ಹಾರ್ನ್ ಹೊಡೆದ. ಇವರು ಕಾರ್ಡನ್ನು ಅವನ ಕಡೆಗೇ ತಿರುಗಿಸಿ, "ನಿನ್ಗೆ ಅಲ್ಲಿಂದ ಯಾವ್ದು ಮೊದ್ಲು ಕಾಣುತ್ತೆ?" ಎಂದು ಕೇಳಿದರು. "ನೀನೇ ಮೊದ್ಲು ಕಾಣ್ತೀಯ, ಪಕ್ಕಕ್ಕೆ ಹೋಗು ಸಾಮಿ!" ಎಂದ ಅವನು. ಮಾಮ ಒಳಗೆ ಬಂದು ಕಾರ್ಡನ್ನು ಕಟ್ಟೆಯ ಮೇಲಿಟ್ಟರು.

"ಇದ್ರಲ್ಲಿ ಒಂದೂ ಇಲ್ಲೆ."

"ಕಿತ್ತಳೆಯಲ್ಲಿ ಇಷ್ಟೇ ಬರೋದು" ಎಂದರು ಅಪ್ಪ.

"ಇವೆಲ್ಲ ಹಣ್ಣಿನ ಬಣ್ಣ. ನನಗೆ ಬೇಕಿರೋದು ವಿಮಾನದ್ದು."

ಅವರು ಹೋದ ಮೇಲೆ ಅಪ್ಪ, "ಆ ಮನುಷ್ಯನಿಗೆ ಬಣ್ಣ ಬೇಡ, ಜಗಳ ಬೇಕು" ಎಂದರು. ಅರ್ಧ ನಿಜ. ಮಾಮ ನಯವಾದ ಮನುಷ್ಯರಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಸಾಧಿಸುವುದರಲ್ಲಿ ಎತ್ತಿದ ಕೈ. ಸೋತಾಗ ಮಾತ್ರ ಚಿಕ್ಕ ಮಕ್ಕಳಂತೆ ತಕ್ಷಣ ಒಪ್ಪಿಕೊಂಡುಬಿಡುತ್ತಿದ್ದರು.

ಅವರಿಗೆ ಬೇಕಿದ್ದ ಬಣ್ಣ ಇದು: ಹಾರಾಟ ಕಲಿಯುವವರ ವಿಮಾನಗಳಿಗೆ, ದೂರದಿಂದ ಎದ್ದು ಕಾಣಲೆಂದು, ಮೂಗಿಗೂ ರೆಕ್ಕೆಯ ತುದಿಗಳಿಗೂ ಬಾಲಕ್ಕೂ ಬಳಿಯುತ್ತಿದ್ದ ಫ್ಲೋರೊಸೆಂಟ್ ಕಿತ್ತಳೆ. ಮಾಮ ನೌಕರಿಯಲ್ಲಿದ್ದಾಗ ಆ ಬಣ್ಣ ಸ್ಪ್ರೇ ಮಾಡುವ ಷೆಡ್ಡಿನಲ್ಲಿದ್ದವರು. ನಿವೃತ್ತರಾಗಿ ಬಂದು, ಎರಡು ಪಟ್ಟಿ ಟೀ ತೋಟ ನೋಡಿಕೊಳ್ಳುತ್ತ, ಬಿಡುವಿನಲ್ಲಿ ಸಿಲ್ವರ್ ಓಕ್ ಮರದ ತುಂಡುಗಳಿಂದ ಆ ವಿಮಾನಗಳನ್ನು ಮೊಳದುದ್ದಕ್ಕೆ ಕೆತ್ತುತ್ತಿದ್ದರು. ಕೆತ್ತನೆ ಬಲು ಚೆಂದ. ಆದರೆ ಬಣ್ಣದ ಹೊತ್ತಿಗೆ ಎಲ್ಲವೂ ನಿಂತುಬಿಡುತ್ತಿತ್ತು. ಅವರ ಮನೆಯ ಅಟ್ಟದ ಮೇಲೆ ಬೆಳ್ಳಿ ಬಣ್ಣದ ಮೈಯಿದ್ದು ಮೂಗು ಮಾತ್ರ ಬರಿಯ ಮರವಾಗಿದ್ದ ವಿಮಾನಗಳ ಒಂದು ಸಾಲೇ ಇತ್ತು.

ಕೊಯಮತ್ತೂರಿನಿಂದ ಫ್ಲೋರೊಸೆಂಟ್ ಬಣ್ಣ ತರಿಸಿಕೊಟ್ಟೆ. ಬೋರ್ಡ್ ಬರೆಯುವವರು ಬಳಸುವಂಥದ್ದು. ಅದಕ್ಕೆ ಕೆಂಪು ಬೆರೆಸಿದರು, ಹಳದಿ ಬೆರೆಸಿದರು, ಬೇಡವೆಂದರು. ಎಲ್ಲಿ ಕಿತ್ತಳೆ ಕಂಡರೂ ನಿಲ್ಲುತ್ತಿದ್ದರು. ಒಂದು ಸಲ ನಾನು ಅವರ ಮನೆಗೆ ಹೋಗಿದ್ದಾಗ, ಅವರ ಅಣ್ಣನ ಹೊಲದಲ್ಲಿ ಕಿತ್ತ ಕ್ಯಾರೆಟ್ಟನ್ನು ಹೆಂಗಸರು ತೊರೆಯಲ್ಲಿ ತೊಳೆಯುತ್ತಿದ್ದರು. ಮಾಮ ಒದ್ದೆ ಕ್ಯಾರೆಟ್ ಒಂದನ್ನು ಎತ್ತಿ, ಬಿಸಿಲಿಗೆ ಹಿಡಿದು, ಅಲುಗಾಡದೆ ನಿಂತರು. ತೊಳೆಯುತ್ತಿದ್ದ ಮುದುಕಿಯೊಬ್ಬಳು, "ಕಡಿದು ನೋಡು ಅಣ್ಣಾ, ಹಾರುತ್ತಾ ಏನು!" ಎಂದಳು. ಎಲ್ಲರೂ ನಕ್ಕರು. ಮಾಮ ನಗಲಿಲ್ಲ. "ಹತ್ರ ಬಂತು. ಆದ್ರೆ ಇದು ಬೆಳಕು ಇಸ್ಕೊಳ್ಳುತ್ತೆ. ಅದು ಬೆಳಕು ಕೊಡ್ತಿತ್ತು" ಎಂದು ಕ್ಯಾರೆಟ್ ಕಡಿದರು.

ಆ ಮಾತು ಭೌತಶಾಸ್ತ್ರದ ಪ್ರಕಾರ ಹೆಚ್ಚುಕಡಿಮೆ ಸರಿ. ಇಂಥ ಬಣ್ಣ ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನೂ ನೀಲಿಯನ್ನೂ ನುಂಗಿ ಕಿತ್ತಳೆಯಾಗಿ ಉಗುಳುತ್ತದೆ. ಆದ್ದರಿಂದಲೇ ಮೋಡ ಕವಿದಾಗ, ಮಂಜಿನಲ್ಲಿ, ಸುತ್ತಲಿನದೆಲ್ಲ ಮಂಕಾದಾಗ ಅದು ಒಳಗೆ ದೀಪ ಹಚ್ಚಿಟ್ಟಂತೆ ಕಾಣುತ್ತದೆ. ಊಟಿಯಲ್ಲಿ ಎಲ್ಲರೂ ಬಿಸಿಲಿಗೆ ಕಾದರೆ ಮಾಮ ಮಂಜಿಗೆ ಕಾಯುತ್ತಿದ್ದರು. ಬಣ್ಣ ಬಳಿದ ತಗಡಿನ ಚೂರುಗಳನ್ನು ಟೀ ಗಿಡಗಳ ಮೇಲೆ ಸಾಲಾಗಿ ಒರಗಿಸಿಟ್ಟು, ತೋಟದ ಇನ್ನೊಂದು ತುದಿಗೆ ಹೋಗಿ ನಿಲ್ಲುವರು. ಕಂಬಳಿ ಹೊದ್ದು, ಕೆಮ್ಮುತ್ತ. ಎಲೆ ಕೊಯ್ಯುವವರು ದೃಷ್ಟಿ ತೆಗೆಯಲು ಇಟ್ಟಿದ್ದಾರೆಂದು ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ನಾನು ನುಂಗುವ ಉಗುಳುವ ವಿಷಯವನ್ನೆಲ್ಲ ವಿವರಿಸಿ ಹೇಳಿದಾಗ ಮಾಮ ಗಮನವಿಟ್ಟು ಕೇಳಿದರು.

"ಇದು ನನಗೆ ಗೊತ್ತಿರಲಿಲ್ಲ ತಂಬಿ" ಎಂದರು. ಆಮೇಲೆ, "ಈಗ ಗೊತ್ತಾಯ್ತು. ಬಣ್ಣ ಸಿಕ್ತಾ?" ಎಂದರು.

ನಾನು ಅವರಿಗೆ ಮುಖ್ಯನಾದದ್ದು ಭೌತಶಾಸ್ತ್ರದಿಂದಲ್ಲ. ಕಾಲೇಜಿನಲ್ಲಿದ್ದಾಗ ಕೆಡೆಟ್ ದಳದ ಶಿಬಿರಕ್ಕೆಂದು ಒಂದು ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಅಲ್ಲಿ ಅಂಥ ತರಬೇತಿ ವಿಮಾನವೊಂದನ್ನು ಹತ್ತಿರದಿಂದ ನೋಡಿದ್ದೆ. ಮಾತಿಗೆ ಮಾತು ಬಂದು ಇದನ್ನು ಹೇಳಿದ ದಿನ ಮಾಮ ನನ್ನ ಎರಡೂ ತೋಳು ಹಿಡಿದುಕೊಂಡರು. "ಇಷ್ಟು ದಿನ ಬಾಯಿ ಮುಚ್ಕೊಂಡು ಕೂತಿದ್ದೆಯಾ? ಹೇಳು, ಮೂಗು ಹೆಂಗಿತ್ತು?"

ನನ್ನ ನೆನಪಿನಲ್ಲಿ ಆ ಮೂಗು ಸ್ಪಷ್ಟವಾಗಿದೆ. ಬೆಳಗಿನ ಹೊತ್ತು, ಒದ್ದೆ ಸಿಮೆಂಟು, ಕಣ್ಣು ಚುಚ್ಚುವ ಕಿತ್ತಳೆ. ಪಕ್ಕದಲ್ಲಿ ನನ್ನ ಹಾಸ್ಟೆಲಿನ ಗೆಳೆಯ ನಿಂತು ಏನೋ ತಮಾಷೆ ಮಾಡುತ್ತಿದ್ದಾನೆ. ತೊಂದರೆಯೆಂದರೆ, ಆ ಗೆಳೆಯ ಆ ಶಿಬಿರಕ್ಕೆ ಬಂದಿರಲೇ ಇಲ್ಲ. ಅವನೇ ಹೇಳಿದ್ದಾನೆ, ಆಗ ಕಾಮಾಲೆಯಾಗಿ ಊರಿನಲ್ಲಿದ್ದನಂತೆ. ಬಾರದ ಮನುಷ್ಯನನ್ನು ತಂದು ನಿಲ್ಲಿಸಿದ ನೆನಪು ಇಲ್ಲದ ಬಣ್ಣವನ್ನು ತಂದು ಬಳಿದಿರುವುದಿಲ್ಲವೇ? ಇದನ್ನು ಮಾಮನಿಗೆ ಹೇಳಿದೆ.

"ಅವನು ಬರದಿದ್ರೆ ಬೇಡ. ವಿಮಾನ ಇತ್ತಲ್ಲ!"

"ಇತ್ತು. ಆದ್ರೆ ಅದರ ಬಣ್ಣ ನಾನು ನೋಡಿದ್ದೋ, ನೀವು ಹೇಳಿ ಹೇಳಿ ಕೂರಿಸಿದ್ದೋ ಗೊತ್ತಾಗ್ತಿಲ್ಲ ಮಾಮ."

"ನೀನು ಓದಬಾರದಿತ್ತು" ಎಂದರು ಅವರು, ತುಂಬ ಬೇಸರದಿಂದ.

ಇನ್ನೊಂದು ಪ್ರಶ್ನೆಯನ್ನೂ ನಾನೇ ಎತ್ತಿದ್ದು. ಆ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಕೆಲವೇ ತಿಂಗಳಲ್ಲಿ ಮೇಲ್ಭಾಗ ಪೇಲವವಾಗಿ ಕೆಳಭಾಗ ಮಾತ್ರ ಉಳಿಯುತ್ತದೆ ಎಂದು ಅವರೇ ಹೇಳಿದ್ದರು. ಹಾಗಾದರೆ ಅವರು ಹುಡುಕುತ್ತಿರುವುದು ಯಾವ ದಿನದ ಬಣ್ಣ? ಹೊಡೆದ ದಿನದ್ದೋ, ಮಾಸಿದ ದಿನದ್ದೋ? ಮಾಮ ಒಂದು ವಾರ ಅಂಗಡಿಗೆ ಬರಲಿಲ್ಲ. ಬಂದಾಗ, "ಚೇಟ್ಟ ಕೈಯೆತ್ತಿ ಹೇಳ್ತಿದ್ದನಲ್ಲ, ಆ ಕ್ಷಣದ್ದು" ಎಂದರು. ಚೇಟ್ಟ ಎಂಬ ಮನುಷ್ಯನ ಬಗ್ಗೆ ನಾನು ಕೇಳಿದ್ದು ಅದೇ ಮೊದಲು.

ಚೇಟ್ಟ ಅವರ ಷೆಡ್ಡಿನ ಜೊತೆಗಾರ, ಮಲಯಾಳಿ, ವಯಸ್ಸಿನಲ್ಲಿ ಹಿರಿಯನಾದ್ದರಿಂದ ಚೇಟ್ಟ, ಅಂದರೆ ಅಣ್ಣ. ಬಣ್ಣ ಬೆರೆಸುವುದು ಅವನ ಕೆಲಸ, ಸ್ಪ್ರೇ ಮಾಡುವುದು ಇವರದು. ಮುಗಿದ ಮೇಲೆ ವಿಮಾನವನ್ನು ಹೊರಗೆ ಎಳೆದು, ಚೇಟ್ಟ ರನ್‌ವೇ ತುದಿಯವರೆಗೆ ನಡೆದು ಹೋಗಿ ತಿರುಗಿ ನೋಡುವನು. ಸರಿಯಾಗಿದ್ದರೆ ಅಲ್ಲಿಂದಲೇ ಕೈಯೆತ್ತಿ "ಕತ್ತುನ್ನುಂಡ್!" ಎಂದು ಕೂಗುವನು. ಉರಿಯುತ್ತಿದೆ ಎಂದು. ಆ ಕೂಗು ಬಂದರೆ ಆ ದಿನದ ಕೆಲಸ ಮುಗಿಯಿತು. ಒಂದೇ ಬ್ಯಾರಕ್ಕಿನಲ್ಲಿ ಮಲಗಿ, ಒಂದೇ ತಟ್ಟೆಯಲ್ಲಿ ಉಂಡು, ಒಬ್ಬರ ರಜೆಯನ್ನು ಇನ್ನೊಬ್ಬರು ಬಿಟ್ಟುಕೊಟ್ಟು ಬದುಕಿದವರು. ನಿವೃತ್ತಿಯ ನಂತರ ಚೇಟ್ಟ ದೇವಾಲದ ಎಸ್ಟೇಟ್ ಕೆಲಸಗಾರರ ಲೈನಿನಲ್ಲಿದ್ದ ಮಗಳ ಮನೆಗೆ ಬಂದು ಸೇರಿದ್ದ. ಒಂದೇ ಜಿಲ್ಲೆ; ಆದರೂ ಹೋಗಿ ಬರುವುದು ವರ್ಷಕ್ಕೊಮ್ಮೆ ಆಗಿ, ಆಮೇಲೆ ಅದೂ ತಪ್ಪಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಚೇಟ್ಟನಿಗೆ ಪಾರ್ಶ್ವವಾಯು ಹೊಡೆಯಿತು. ಮಾಮ ನೋಡಲು ಹೋದರು. ತಿರುಗಿ ಬಂದು ನಮ್ಮ ಅಂಗಡಿಯ ಸ್ಟೂಲಿನ ಮೇಲೆ ಕೂತವರು ಕೊಟ್ಟ ಟೀ ತಣ್ಣಗಾಗಲು ಬಿಟ್ಟರು.

"ಗ್ಯಾಸ್ ಸಿಲಿಂಡರ್ ತಂದವನು ಅನ್ಕೊಂಡ" ಎಂದರು ಕೊನೆಗೆ. "ಮಾತಿಲ್ಲ. ಒಳಗಡೆ ಇಡು ಅಂತ ಕೈ ಮಾಡಿ ತೋರಿಸ್ದ. ನಾನು ಹೋಗದೆ ನಿಂತಿದ್ದೆ. ಆಮೇಲೆ ಮಗಳನ್ನ ನೋಡಿ ಮತ್ತೆ ಕೈ ಮಾಡಿದ, ಇವನಿಗೆ ಕಾಸು ಕೊಟ್ಟು ಕಳ್ಸು ಅಂತ."

ಅಪ್ಪ ಹಣೆ ಉಜ್ಜಿಕೊಂಡರು. ನನಗೆ ನಗು ಬಂತು, ಅದು ಅರ್ಧದಲ್ಲೇ ಸಿಕ್ಕಿಹಾಕಿಕೊಂಡಿತು.

"ಹೆಸರು ಹೇಳ್ದೆ, ಇಲ್ಲೆ. ಹಳೇ ಫೋಟೋ ತೋರಿಸ್ದೆ, ಇಲ್ಲೆ. ಮುಖ ಬದಲಾಗಿದೆ ತಂಬಿ, ಅವಂದೂ ನಂದೂ. ಆದ್ರೆ ಆ ಬಣ್ಣ... ಅದನ್ನ ಅವನ ಕಣ್ಣೆದುರು ಹಿಡಿದ್ರೆ ಗೊತ್ತಾಗುತ್ತೆ. ಅವನಿಗೆ ಬಣ್ಣ ಗೊತ್ತಾದ್ರೆ ನಾನೂ ಗೊತ್ತಾಗ್ತೀನಿ. ಆ ಬಣ್ಣದ ಹಿಂದೆ ನಿಂತಿದ್ದೋನು ನಾನೇ ಅಲ್ವಾ?"

ಲೋಕದಲ್ಲಿ ಎಲ್ಲಕ್ಕಿಂತ ಬೇಗ ಬದಲಾಗುವ ಬಣ್ಣವನ್ನು ಹಿಡಿದು ಗುರುತು ಹೇಳಿಸಲು ಹೊರಟ ಮನುಷ್ಯನಿಗೆ ನಾನು ಏನು ಹೇಳಬಹುದಿತ್ತು? ಅಂದಿನಿಂದ ಅದು ಹವ್ಯಾಸವಾಗಿ ಉಳಿಯಲಿಲ್ಲ. ಚೇಟ್ಟನಿಗೆ ಎರಡನೆಯ ಸಲ ಹೊಡೆಯುವ ಮೊದಲು ಬಣ್ಣ ಸಿಗಬೇಕಿತ್ತು.

ಚೇರಿಂಗ್ ಕ್ರಾಸ್ ಹತ್ತಿರ ಹೊಸದಾಗಿ ಇಂಟರ್ನೆಟ್ ಸೆಂಟರ್ ತೆರೆದಿದ್ದರು. ಅಲ್ಲಿಗೆ ಕರೆದುಕೊಂಡು ಹೋದೆ. ವಿದೇಶಗಳಲ್ಲಿ ಮಾದರಿ ವಿಮಾನ ಕಟ್ಟುವವರು ಇದೇ ಬಣ್ಣದ ಬಗ್ಗೆ ಪುಟಗಟ್ಟಲೆ ಕಚ್ಚಾಡಿದ್ದರು. ಒಬ್ಬ ಕೆಂಪು ಎಂದರೆ ಇನ್ನೊಬ್ಬ ಕಿತ್ತಳೆ ಎನ್ನುತ್ತಾನೆ. ಫೋಟೋ ಫಿಲಂ ಈ ಬಣ್ಣವನ್ನು ಹಿಡಿಯುವುದೇ ಇಲ್ಲ ಎನ್ನುತ್ತಾನೆ ಮೂರನೆಯವನು. ಮಾಮನಿಗೆ ಇದನ್ನೆಲ್ಲ ಓದಿ ಹೇಳಿದಾಗ ಅವರಿಗೆ ಆದ ಸಂತೋಷ ಹೇಳತೀರದು. "ನಾನೊಬ್ಬನೇ ಅಲ್ಲ!" ಎಂದು ಪಕ್ಕದಲ್ಲಿ ಕೂತಿದ್ದ ಪ್ರವಾಸಿಗನ ಬೆನ್ನು ತಟ್ಟಿದರು. ಕೊನೆಗೆ ಒಂದು ಒಳ್ಳೆಯ ಚಿತ್ರ ಸಿಕ್ಕಿತು. "ಇದೇ!" ಎಂದರು. ಅದೇ ಚಿತ್ರವನ್ನು ಪಕ್ಕದ ಕಂಪ್ಯೂಟರಿನಲ್ಲಿ ತೆಗೆದೆ, ಅಲ್ಲಿ ಅದು ಇಟ್ಟಿಗೆಯ ಬಣ್ಣದಲ್ಲಿತ್ತು. ಮೂಲೆಯದರಲ್ಲಿ ತೆಗೆದೆ, ಅಲ್ಲಿ ಹಳದಿ. ಸೆಂಟರಿನವನು "ಸಾರ್, ಮಾನಿಟರ್ ಹಳೇದು" ಎಂದ. ಮಾಮ ಎದ್ದು ಹೊರಗೆ ಹೋಗಿ ನಿಂತರು.

ಆಮೇಲೆ ಕಣ್ಣಿನ ಆಪರೇಷನ್ ಆಯಿತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಮೊದಲು ಬಲಗಣ್ಣಿನದನ್ನು ತೆಗೆದರು. ಕಟ್ಟು ಬಿಚ್ಚಿದ ಕೆಲವು ದಿನಕ್ಕೆ ನನಗೆ ಫೋನು ಬಂತು, ಈಗಿಂದೀಗಲೇ ಬಾ ಎಂದು. ಹೋದರೆ ಮಾಮ ಜಗಲಿಯ ಮೇಲೆ, ಆವರೆಗಿನ ಅತ್ಯುತ್ತಮ ಮಿಶ್ರಣ ಬಳಿದಿದ್ದ ತಗಡನ್ನು ಹಿಡಿದು, ಒಂದು ಅಂಗೈಯಿಂದ ಒಂದೊಂದೇ ಕಣ್ಣು ಮುಚ್ಚಿ ತೆಗೆದು ಮಾಡುತ್ತಿದ್ದರು.

"ತಂಬಿ, ಇದು ಗುಲಾಬಿ!" ಎಂದರು. "ಬಲಗಣ್ಣಲ್ಲಿ ಗುಲಾಬಿ. ಎಡಗಣ್ಣಲ್ಲಿ ಸರಿಯಾಗಿದೆ."

ಒಳಗಿನಿಂದ ಅತ್ತೆಯ, ಅಂದರೆ ಮಾಮನ ಹೆಂಡತಿಯ, ದನಿ ಬಂತು: "ನಾನು ಮೊದ್ಲಿಂದ ಹೇಳ್ತಿದ್ದೆ, ಅದು ರೋಸು ಅಂತ. ಈ ಮನೇಲಿ ನನ್ನ ಮಾತು ಯಾರ್ ಕೇಳ್ತಾರೆ?"

"ನೀನು ಕಾಫಿ ಪುಡೀನೂ ರೋಸು ಅಂತೀಯ!"

"ಸೀರೆ ತರುವಾಗ ಮಾತ್ರ ನೀವು ತಂದದ್ದೆಲ್ಲ ರೋಸೇ ಇರ್ತಿತ್ತು. ಆಗ ಯಾಕೆ ಕಿತ್ತಳೆ ಅಂತಿದ್ರಿ?"

ಇದಕ್ಕೆ ಉತ್ತರ ನನ್ನ ಬಳಿ ಇತ್ತು. ಪೊರೆ ಬಂದ ಕಣ್ಣು ಹಳದಿ ಗಾಜಿನ ಮೂಲಕ ನೋಡಿದ ಹಾಗೆ ನೋಡುತ್ತದೆ, ಎಲ್ಲವೂ ಒಂದಿಷ್ಟು ಹಳದಿಯಾಗಿ ಕಾಣುತ್ತದೆ. ಆ ಕಣ್ಣಿಗೆ ಕಿತ್ತಳೆ ಸರಿಯಾಗಿ ಕಾಣಬೇಕೆಂದು ಇವರು ಬೆರೆಸುತ್ತ ಬೆರೆಸುತ್ತ ಹೋದದ್ದು ನಿಜವಾಗಿ ಗುಲಾಬಿಯ ಕಡೆಗೆ ಜಾರಿತ್ತು. ಇಷ್ಟನ್ನು ವಿವರಿಸಿದೆ. ಅವರು ಸ್ವಲ್ಪವೂ ಜಗಳವಾಡದೆ ಒಪ್ಪಿಕೊಂಡರು. ಹಳೆಯ ಡಬ್ಬಗಳಿಗೆಲ್ಲ ಇಂಟು ಗುರುತು ಬಿದ್ದದ್ದು ಆ ವಾರವೇ. ಬಲಗಣ್ಣನ್ನು ನಂಬಿ ಹೊಸದಾಗಿ ಶುರುಮಾಡಿದರು. ಕೆಲವು ವಾರಗಳಲ್ಲಿ ಒಂದು ಕಿತ್ತಳೆ ಸಿದ್ಧವಾಯಿತು. ಮಂಜಿನಲ್ಲಿ ತೋಟದ ಆಚೆ ತುದಿಯಲ್ಲಿ ಅದು ಕೆಂಡದಂತೆ ಉರಿಯಿತು. ಮಾಮ ನನ್ನ ಭುಜದ ಮೇಲೆ ಕೈಯಿಟ್ಟರು. ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ತಲೆಯಲ್ಲಿ ಬಂದದ್ದನ್ನು ನುಂಗಿಕೊಳ್ಳುವ ಅಭ್ಯಾಸ ನನಗಿರಲಿಲ್ಲ.

"ಮಾಮ, ಚೇಟ್ಟನ ಕಣ್ಣಿನ ಆಪರೇಷನ್ ಆಗಿದೆಯಾ?"

"ಇಲ್ಲೆ. ಅವನ ಕಣ್ಣು ಬೆಳ್ಳಗಾಗಿದೆ. ಯಾಕೆ?"

ಯಾಕೆಂದು ಅವರಿಗೆ ನನ್ನ ಮುಖ ನೋಡಿಯೇ ಹೊಳೆಯಿತೆಂದು ಕಾಣುತ್ತದೆ. ಕೈ ಕೆಳಗಿಳಿಯಿತು. ಸರಿಯಾದ ಬಣ್ಣವನ್ನು ಚೇಟ್ಟ ನೋಡಿದರೆ ಅವನ ಪೊರೆಗಣ್ಣಿಗೆ ಅದು ಸರಿಯಾಗಿ ಕಾಣುವುದಿಲ್ಲ. ಅವನಿಗೆ ಅಂದಿನ ಕಿತ್ತಳೆ ಕಾಣಬೇಕಾದರೆ, ತಪ್ಪು ಬಣ್ಣವನ್ನೇ, ಆ ಗುಲಾಬಿಯನ್ನೇ ಬಳಿಯಬೇಕು. ಅಷ್ಟು ವರ್ಷ ಹುಡುಕಿ ಸಿಕ್ಕದ್ದನ್ನು ಪಕ್ಕಕ್ಕಿಟ್ಟು, ಎಸೆದದ್ದನ್ನು ಮತ್ತೆ ಬೆರೆಸಬೇಕು.

"ಖಂಡಿತವಾ?" ಎಂದು ಕೇಳಿದರು.

"ಪುಸ್ತಕದ ಪ್ರಕಾರ ಹೌದು. ಅವನ ತಲೆಯೊಳಗೆ ಈಗ ಯಾವ ಬಣ್ಣ ಇದೆಯೋ ಅದು ಗೊತ್ತಿಲ್ಲ. ಇಷ್ಟು ವರ್ಷ ಹಳದಿ ನೋಡಿ ನೋಡಿ ಅದಕ್ಕೇ ಹೊಂದಿಕೊಂಡಿರಲೂಬಹುದು."

"ನೀನು ಒಂದು ಸಲ, ಒಂದೇ ಒಂದು ಸಲ, ಹೌದು ಅಂದು ನಿಲ್ಲಿಸೋಕಾಗಲ್ವಾ?"

ಮಾಮ ಎರಡು ದಿನ ಯೋಚಿಸಿ ಗುಲಾಬಿಯ ಕಡೆಗೆ ತೀರ್ಮಾನ ಮಾಡಿದರು. ಅದನ್ನು ಬೆರೆಸಲು ಪೊರೆಯಿದ್ದ ಎಡಗಣ್ಣೇ ಬೇಕು. ಆದ್ದರಿಂದ ಆ ಕಣ್ಣಿನ ಆಪರೇಷನ್ನಿಗೆ ಕೊಟ್ಟಿದ್ದ ದಿನವನ್ನು ಬಿಟ್ಟುಬಿಟ್ಟರು. ಡಾಕ್ಟರು ಬೈದರಂತೆ, ಅತ್ತೆ ಅತ್ತರಂತೆ. ಬಲಗಣ್ಣಿಗೆ ಕರವಸ್ತ್ರ ಕಟ್ಟಿಕೊಂಡು, ಹಳೆಯ ಕಣ್ಣೊಂದರಿಂದಲೇ, ತಾವೇ ತಪ್ಪೆಂದು ಒಪ್ಪಿದ್ದ ಬಣ್ಣವನ್ನು ಅವರು ತನ್ಮಯರಾಗಿ ಬೆರೆಸುತ್ತಿದ್ದುದನ್ನು ನಾನು ನೋಡಿದ್ದೇನೆ. ಇದನ್ನಂತೂ ನೋಡಿದ್ದೇನೆ ಎಂದೇ ಅಂದುಕೊಂಡಿದ್ದೇನೆ.

ಮಳೆ ಬಿಡುವು ಕೊಟ್ಟ ಒಂದು ದಿನ ದೇವಾಲಕ್ಕೆ ಹೊರಟೆವು. ನಡುವಟ್ಟಂ ದಾಟಿ ಇಳಿಯುವ ತಿರುವುಗಳಲ್ಲಿ ಮಾಮ ವಿಮಾನವನ್ನು ಟವೆಲಿನಲ್ಲಿ ಸುತ್ತಿ ಕೂಸಿನಂತೆ ಎದೆಗೆ ಹಿಡಿದಿದ್ದರು. ಗೂಡಲೂರಿನಲ್ಲಿ ಬಸ್ಸು ಬದಲಾಯಿಸುವಾಗ ಕಂಡಕ್ಟರ್ "ಮಗುಗೆ ಟಿಕೆಟ್ ಬೇಡ" ಎಂದ. ಮಾಮ ಟವೆಲ್ ಸರಿಸಿ ಗುಲಾಬಿ ಮೂಗು ತೋರಿಸಿದರು. "ಹೆಣ್ಣು ಮಗು!" ಎಂದ ಅವನು. ಮಾಮನ ಮುಖ ಇಳಿದುಹೋಯಿತು. "ನಿನ್ನ ಕಣ್ಣು ಚೆನ್ನಾಗಿದೆ ಬಿಡಪ್ಪ" ಎಂದು ಟವೆಲ್ ಮುಚ್ಚಿದರು.

ಲೈನಿನ ಮನೆಯೆದುರು ಬೆಂಚಿನ ಮೇಲೆ ಚೇಟ್ಟ ಕೂತಿದ್ದ. ಎತ್ತರದ ಮನುಷ್ಯ, ಲುಂಗಿ, ಸ್ವೆಟರು. ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಮಗಳು ಫ್ಯಾಕ್ಟರಿಯ ಕೆಲಸದಿಂದ ರಜೆ ಹಾಕಿ ಕಾಯುತ್ತಿದ್ದಳು. ಅವಳದು ಮಲಯಾಳಂ ಬೆರೆತ ತಮಿಳು. "ಅಂಕಳ್, ಅಚ್ಛನ್‌ಗೆ ಇವತ್ತು ನನ್ನದೂ ಗುರುತಿಲ್ಲ. ಬೆಳಿಗ್ಗೆ ಇಡ್ಲಿ ಕೊಟ್ಟರೆ ಕೈ ಮುಗಿದರು" ಎಂದಳು.

ಮಾಮ ಹತ್ತಿರ ಹೋಗಿ, ಮೊಣಕಾಲೂರಿ ಕೂತು, ಟವೆಲ್ ಬಿಚ್ಚಿ, ವಿಮಾನವನ್ನು ಚೇಟ್ಟನ ಮಡಿಲಿನಲ್ಲಿಟ್ಟರು.

ಚೇಟ್ಟ ಅದನ್ನು ನೋಡಿದ. ಬಲಗೈಯಿಂದ ಎತ್ತಿ, ಮೂಗನ್ನು ತನ್ನ ಕಡೆಗೆ ತಿರುಗಿಸಿದ. ಹೆಬ್ಬೆರಳಿನಿಂದ ಮೂಗನ್ನು ಸವರಿದ. ಆಮೇಲೆ ವಿಮಾನವನ್ನು ಮಡಿಲಿಗಿಳಿಸಿ, ಬಾಲದ ಪಟ್ಟಿಯ ಅಂಚಿಗೆ ಉಗುರು ಹಚ್ಚಿ ಕೆರೆಯತೊಡಗಿದ.

"ಅಚ್ಛಾ, ವೇಂಡಾ!" ಅಪ್ಪಾ, ಬೇಡ ಎನ್ನುತ್ತ ಮಗಳು ಕೈ ಹಿಡಿಯಲು ಬಂದಳು.

"ಬಿಡಮ್ಮ! ಮುಟ್ಟಬೇಡ!" ಮಾಮ ಕೂಗಿದರು. ನನ್ನ ಕಡೆ ತಿರುಗದೆಯೇ, ಪಿಸುಮಾತಿನಲ್ಲಿ, "ತಪಾಸಣೆ ಮಾಡ್ತಿದ್ದಾನೆ ತಂಬಿ. ಕೆಳಗೆ ಬಿಳಿ ಇದೆಯಾ ಅಂತ. ಬಿಳಿ ಮೇಲೆ ಹೊಡೆದ್ರೇನೇ ಇದು ಉರಿಯೋದು. ಯಾರು ಹೊಡೆದ್ರೂ ಮೊದ್ಲು ಅಂಚು ಕೆರೆದು ನೋಡ್ತಿದ್ದ" ಎಂದರು.

ಬಣ್ಣದ ಸಿಪ್ಪೆ ಎದ್ದಿತು. ಕೆಳಗೆ ಬಿಳಿ ಕಂಡಿತು. ಮಾಮನ ತುಟಿ ಸ್ವಲ್ಪ ತೆರೆದಿತ್ತು, ಆ ಒಂದು ಮಾತನ್ನು ಚೇಟ್ಟನಿಗೆ ತಾವೇ ಹೇಳಿಕೊಡುವವರಂತೆ.

ಚೇಟ್ಟ ಕೆರೆಯುತ್ತಲೇ ಇದ್ದ. ಬಿಳಿಯೂ ಎದ್ದಿತು, ಮರ ಕಂಡಿತು. ಉಗುರು ಇನ್ನಷ್ಟು ಮುಂದೆ ಹೋಯಿತು. ಬಾಲದ ಪಟ್ಟಿ ಮುಗಿದ ಮೇಲೆ ರೆಕ್ಕೆಯ ತುದಿ. ಸ್ವೆಟರಿನ ಮೇಲೂ ಲುಂಗಿಯ ಮೇಲೂ ಗುಲಾಬಿ ಸಿಪ್ಪೆಗಳು ಉದುರುತ್ತಿದ್ದವು. ಮಗಳು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಕಂಬಳೀನೂ ಹೀಗೇ ಕೆರೀತಾರೆ. ಗೋಡೇನೂ" ಎಂದಳು. ಮಾಮನಿಗೆ ಅದು ಕೇಳಿಸಿತೋ ಇಲ್ಲವೋ. ಅವರು ಏಳಲಿಲ್ಲ, ತಡೆಯಲಿಲ್ಲ. ಮೊಣಕಾಲೂರಿಯೇ, ತಮ್ಮ ಕೆಲಸ ಪದರ ಪದರವಾಗಿ ಬಿಚ್ಚಿಕೊಳ್ಳುತ್ತಿರುವಲ್ಲಿ, ಅಲ್ಲಾಡದೆ ಕೂತಿದ್ದರು.

ಹೊರಡುವಾಗ ಮಗಳು ವಿಮಾನವನ್ನು ತೆಗೆದು ಕೊಡಲು ಬಂದಳು. "ಇರ್ಲಿ ಅಮ್ಮ, ಅವನ ಹತ್ರಾನೇ ಇರ್ಲಿ. ಇನ್ನೊಂದು ರೆಕ್ಕೆ ಬಾಕಿ ಇದೆ" ಎಂದರು. ಚೇಟ್ಟನ ತಲೆಯ ಮೇಲೆ ಒಂದು ಸಲ ಕೈಯಿಟ್ಟರು. ಅವನು ತಲೆಯೆತ್ತಲಿಲ್ಲ.

ಗೂಡಲೂರಿನಲ್ಲಿ ಬಸ್ಸು ಬದಲಾಯಿಸಿದೆವು. ಊಟಿಯ ಬಸ್ಸು ಘಾಟಿ ಹತ್ತಲು ಶುರುಮಾಡಿದಾಗ ಮಾಮ ನನ್ನ ಕಡೆ ತಿರುಗಿದರು.

"ಬಿಳಿ ಕಂಡಾಗ ಅವನ ಕೈ ಒಂದು ಸಲ ನಿಲ್ತು. ಅಲ್ವಾ?"

ನಾನು ನೆನಪಿಸಿಕೊಳ್ಳಲು ನೋಡಿದೆ. ಆಗಷ್ಟೇ ನಡೆದದ್ದು, ಇದಕ್ಕಿಂತ ಹೊಸ ನೆನಪು ಇರುವುದು ಸಾಧ್ಯವಿರಲಿಲ್ಲ. ಸಿಪ್ಪೆ ಎದ್ದದ್ದು ಇತ್ತು, ಬಿಳಿ ಇತ್ತು, ಆಮೇಲೆ ಮರ ಇತ್ತು. ನಡುವೆ ಉಗುರು ನಿಂತಿತೋ ಇಲ್ಲವೋ, ಅಲ್ಲಿ ಏನೂ ಇರಲಿಲ್ಲ.

"ನನಗೆ ಗೊತ್ತಿಲ್ಲ ಮಾಮ" ಎಂದೆ. "ಆಗ ನಾನು ನಿಮ್ಮ ಮುಖ ನೋಡ್ತಿದ್ದೆ."

ಬೈಯುತ್ತಾರೆ ಎಂದುಕೊಂಡೆ.

"ನಾನು ಅವನ ಮುಖ ನೋಡ್ತಿದ್ದೆ" ಎಂದರು. "ಕೈ ಯಾರೂ ನೋಡ್ಲಿಲ್ಲ."